ಸ್ಪ್ರಿಂಗು, ಬರಬೇಕು

ಎಡಗಡೆಯ ಕದ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಚಿಕ್ಕಮಾವ ಹೆಗಲು ಕೊಟ್ಟು ನೂಕಿದರು. ಬೇಕರಿಯವನು ಮಂಡಿಯೂರಿ ಕೂತು ಕೆಳಗಿನ ಅಗುಳಿಗೆ ಕಲ್ಲಿನಿಂದ ಎರಡು ಏಟು ಹಾಕಿದ. ಬಣ್ಣದ ಚಕ್ಕೆ ಉದುರಿತೇ ಹೊರತು ಅಗುಳಿ ಮೇಲೇಳಲಿಲ್ಲ. ಏಳೆಂಟು ವರ್ಷದಿಂದ ಆ ಕದವನ್ನು ಯಾರೂ ತೆರೆದಿರಲಿಲ್ಲ. ನಡೆದು ಓಡಾಡುವವರಿಗೆ ಒಂದು ಕದ ಸಾಕು. ಮಲಗಿಸಿ ತರುವಾಗ ಎರಡೂ ಬೇಕಾಗುತ್ತವೆ ಎಂಬುದು ಈ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು.

"ಎಣ್ಣೆ ಇದೆಯೇನಮ್ಮಾ? ಹಾಗೇ ಒಂದು ಸ್ಕ್ರೂಡ್ರೈವರ್ರು ಕೊಡು," ಎಂದರು ಚಿಕ್ಕಮಾವ. "ವ್ಯಾನು ಆಸ್ಪತ್ರೆ ಬಿಟ್ಟಾಯ್ತಂತೆ."

ಅವಳು ಒಳಕ್ಕೆ ಹೋದಳು. ಯಾರಾದರೂ ಏನಾದರೂ ಕೇಳಿದರೆ ತಂದುಕೊಡುವುದು ನಿನ್ನೆಯಿಂದ ಅವಳಿಗೆ ಸುಲಭವಾಗಿತ್ತು. ನೀರು ಕೇಳಿದವರಿಗೆ ನೀರು, ಹೆಚ್ಚುವರಿ ಕುರ್ಚಿ ಕೇಳಿದವರಿಗೆ ಪಕ್ಕದ ಮನೆಯ ಕುರ್ಚಿ. ಯಾರೂ ಏನೂ ಕೇಳದೆ ಇದ್ದಾಗಲೇ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಹಿಂದಿನ ಕೋಣೆ ಗಂಡನ ಕೆಲಸದ ಕೋಣೆ. ಅವನದು ತಕ್ಕಡಿ ರಿಪೇರಿ. ಅಂಗಡಿಗಳಿಂದ ಬಂದ ತಕ್ಕಡಿಗಳು ಗೋಡೆಯ ಮೊಳೆಗಳಲ್ಲಿ ತಟ್ಟೆಯಿಲ್ಲದೆ ನೇತಾಡುತ್ತಿದ್ದವು. ಗಡಿಯಾರದ ಮುಖದಂಥ ಒಂದು ತಕ್ಕಡಿ ಮೂಲೆಯಲ್ಲಿತ್ತು. ಮೇಲೆ ಏನೂ ಇರದಿದ್ದರೂ ಅದರ ಮುಳ್ಳು ಇನ್ನೂರು ಗ್ರಾಂ ತೋರಿಸುತ್ತಿತ್ತು. ಅದನ್ನು ಸರಿಮಾಡಿ ಬುಧವಾರ ಕೊಡುತ್ತೇನೆಂದು ಅವನು ಯಾರಿಗೋ ಮಾತು ಕೊಟ್ಟಿದ್ದ.

ಎಣ್ಣೆಯ ಡಬ್ಬಿ ಕಿಟಕಿಯ ಮೇಲೆಯೇ ಇತ್ತು. ಸ್ಕ್ರೂಡ್ರೈವರಿಗಾಗಿ ಅವಳು ಮೇಜಿನ ಕೆಳಗಿನ ಪೆಟ್ಟಿಗೆಯನ್ನು ಎಳೆದು ಮೇಲಿನ ಎರಡು ತಟ್ಟೆಗಳನ್ನು ಎತ್ತಿಟ್ಟಳು. ತಳದಲ್ಲಿ ಹಳೆಯ ಅಂಗಿಯ ತೋಳಿನಲ್ಲಿ ಸುತ್ತಿಟ್ಟ ಉದ್ದನೆಯ ವಸ್ತುವೊಂದಿತ್ತು. ಬಿಚ್ಚಿದಳು. ಒಂದೂವರೆ ಮೊಳ ಉದ್ದದ ಸ್ಪ್ರಿಂಗು. ತುಕ್ಕಿಲ್ಲ, ಮುರಿದಿಲ್ಲ. ಎಣ್ಣೆ ಹಚ್ಚಿ, ಒರೆಸಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದ.

ಅವಳು ತಲೆಯೆತ್ತಿ ಮೇಜನ್ನು ನೋಡಿದಳು. ಮೇಜಿನ ಮೇಲೆ, ಬಿಳಿ ಬಟ್ಟೆಯ ಕೆಳಗೆ, ಮಾವನ ಹಳೆಯ ಪಂಪ್ ಬಂದೂಕು. ಪಕ್ಕದಲ್ಲಿ ಬಿಡಿಭಾಗಗಳ ತಟ್ಟೆ. ತಟ್ಟೆಯ ಒಂದೊಂದು ಗೂಡಿಗೂ ಒಂದೊಂದು ಚೀಟಿ, ಎಲ್ಲವೂ ಅವಳದೇ ಅಕ್ಷರ. ಗೂಡುಗಳು ಒಂದೊಂದಾಗಿ ಖಾಲಿಯಾಗುತ್ತ ಬಂದು, ಅದರಲ್ಲಿದ್ದದ್ದೆಲ್ಲ ಬಂದೂಕಿನೊಳಗೆ ಸೇರಿತ್ತು. ಶುರುವಿನಿಂದಲೂ ಖಾಲಿಯಾಗಿದ್ದದ್ದು ಒಂದೇ ಗೂಡು. ಅದರ ಮೇಲಿನ ಚೀಟಿ: "ಸ್ಪ್ರಿಂಗು, ಬರಬೇಕು."

ಎರಡು ವರ್ಷದಿಂದ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ, ಅವನು ಈ ಸ್ಪ್ರಿಂಗನ್ನು ಹುಡುಕಿಕೊಂಡು ಊರೂರು ಅಲೆದಿದ್ದ. ಮೊನ್ನೆ ಭಾನುವಾರವೂ ಇದಕ್ಕೇ ಹೋದವನು ನಾಲ್ಕು ಗಂಟೆ ದೂರದ ಊರಿನ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದ. ಮೂವತ್ತೇಳು ವರ್ಷ. ಸ್ಪ್ರಿಂಗು ಮನೆಯಲ್ಲೇ ಇತ್ತು, ಅವನದೇ ಪೆಟ್ಟಿಗೆಯಲ್ಲಿ, ಅವನದೇ ಅಂಗಿಯ ತೋಳಿನಲ್ಲಿ.

"ಸಿಕ್ತೇನಮ್ಮಾ?" ಎಂದು ಹೊರಗಿನಿಂದ ಚಿಕ್ಕಮಾವ ಕೇಳಿದರು.

"ಸಿಕ್ತು," ಎಂದಳು. ಸ್ಪ್ರಿಂಗನ್ನು ಮತ್ತೆ ಸುತ್ತಿಟ್ಟು, ಎಣ್ಣೆ ಮತ್ತು ಸ್ಕ್ರೂಡ್ರೈವರು ಹಿಡಿದು ಹೊರಗೆ ಬಂದಳು.

ಅಂಗಳದ ಬೆಂಚಿನ ಮೇಲೆ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎಪ್ಪತ್ತು ವರ್ಷವಾದರೂ ಅವರಿಗೆ ಒರಗಿ ಕೂರುವ ಅಭ್ಯಾಸವಿಲ್ಲ. ಅವಳು ಹತ್ತಿರ ಹಾದುಹೋಗುವಾಗ ಕೈ ಮುಂದೆ ಮಾಡಿ ತಡೆದರು.

"ಅವನ ಸಾಮಾನು ಬಂತೇನಮ್ಮಾ? ಆಸ್ಪತ್ರೆಯೋರು ಕೊಡ್ತಾರಲ್ಲ, ಜೇಬಲ್ಲಿದ್ದದ್ದು."

"ವ್ಯಾನಿನಲ್ಲೇ ಬರುತ್ತೆ ಮಾವ."

"ಸ್ಪ್ರಿಂಗು ಸಿಕ್ಕಿತ್ತಾ ನೋಡು." ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಅಷ್ಟು ದೂರ ಹೋಗಿದ್ದಾನೆ. ಸಿಕ್ತು ಅಂತ ಒಂದು ಗೊತ್ತಾದ್ರೆ ಸಾಕು ನಂಗೆ. ಸುಮ್ಮನೆ ಹೋದ ಅಂತ ಆಗಬಾರದು."

ಅವಳು ತಲೆಯಾಡಿಸಿದಳು. ಒಪ್ಪಿಗೆಯೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

*

ಬಂದೂಕು ಅಟ್ಟದಿಂದ ಇಳಿದ ದಿನ ಅದಕ್ಕೂ ಅದನ್ನು ಸುತ್ತಿದ್ದ ಗೋಣಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಾವ ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ತಾರು ವರ್ಷ ಕಾವಲು ನಿಂತವರು. ಬಂದೂಕು ಬ್ಯಾಂಕಿನದಲ್ಲ, ಅವರ ಸ್ವಂತದ್ದು. ಸ್ವಂತ ಬಂದೂಕು ಇದ್ದವರಿಗೇ ಆ ಕೆಲಸ ಸಿಗುತ್ತಿತ್ತು. ನಿವೃತ್ತರಾದ ದಿನ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವರು ಎಂಟು ವರ್ಷ ಅದರ ಸುದ್ದಿಯೆತ್ತಿರಲಿಲ್ಲ. ಒಂದು ದಿನ ಪರವಾನಗಿಯ ಪುಸ್ತಕ ಹಿಡಿದು ಬಂದು, ಇದೇ ಕೊನೆ, ಅವಧಿ ಮುಗಿದ ಮೇಲೆ ಠಾಣೆಗೆ ಒಪ್ಪಿಸಿಬಿಡುತ್ತೇನೆ, ಒಪ್ಪಿಸುವ ಮೊದಲು ಒಂದು ಸಲ ಹೊಡೆಯಬೇಕು ಎಂದರು.

"ಯಾರಿಗೆ?" ಎಂದು ಕೇಳಿದರು ಅತ್ತೆ, ಹೊಲಿಗೆಯ ಮಿಷನ್ನಿನಿಂದ ತಲೆಯೆತ್ತದೆ. ಅವರು ನಲವತ್ತು ವರ್ಷದಿಂದ ಶಾಲೆಯ ಮಕ್ಕಳ ಅಂಗಿ ಚಡ್ಡಿ ಹೊಲಿಯುತ್ತಿದ್ದವರು.

"ಯಾರಿಗೂ ಅಲ್ವೇ. ಕಲ್ಲಿನ ಕ್ವಾರಿಗೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ಕುದುರೆ ಎಳೆದು ಗುಂಡು ಹಾರಿಸಿಲ್ಲ. ಹೆಂಗೆ ಕೇಳುತ್ತೆ ಅಂತ ನೋಡಬೇಕು."

ಮಿಷನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು.

ಹಾಗೆ ಶುರುವಾದದ್ದು. ಭಾನುವಾರ ಬಂತೆಂದರೆ ಅಪ್ಪ ಮಗ ಇಬ್ಬರೂ ಹಿಂದಿನ ಕೋಣೆ ಸೇರುತ್ತಿದ್ದರು. ಕಬ್ಬಿಣದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತುಕ್ಕು ತೆಗೆದರು. ಭುಜಕ್ಕಿಡುವ ಮರದ ಬಿರುಕಿಗೆ ಅಂಟು ತುಂಬಿ ಹಗ್ಗದಿಂದ ಬಿಗಿದು ಹದಿನೈದು ದಿನ ಬಿಟ್ಟರು. ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಹಿಡಿಯನ್ನು ಹುಳು ತಿಂದಿತ್ತು. ಅಂಥದ್ದೇ ಹಿಡಿಯೊಂದು ಯಾವುದೋ ಗುಜರಿ ಅಂಗಡಿಯಲ್ಲಿ, ಸೈಕಲ್ ಪಂಪುಗಳ ರಾಶಿಯಲ್ಲಿ ಸಿಕ್ಕಿತು. ಎರಡು ಸ್ಕ್ರೂಗಳನ್ನು ಅವನೇ ಅರದಿಂದ ಉಜ್ಜಿ ಮಾಡಿದ. ಮಾವ ಮಾತು ಕಡಿಮೆಯವರು. ಆದರೆ ಆ ಕೋಣೆಯಿಂದ ನಗು ಕೇಳಿಬರುತ್ತಿತ್ತು.

ಅವಳು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಗಂಡ ಅವಳನ್ನು ಕರೆಯುತ್ತಿದ್ದುದೇ ಹಾಗೆ. "ಲೈಬ್ರರಿ, ಒಂದು ಚೀಟಿ ಬರೆದುಕೊಡು. ನಿಂದು ಅಚ್ಚಿನ ಅಕ್ಷರ." ಎಡಗಡೆ ಸ್ಕ್ರೂ, ಬಲಗಡೆ ಸ್ಕ್ರೂ, ಕೊಳವೆಯ ಮುಚ್ಚಳ, ಕುದುರೆಯ ಬಳೆ. ಅವಳು ಬರೆದು ಅಂಟಿಸುತ್ತಿದ್ದಳು.

ಒಂದು ಭಾನುವಾರ ಅವಳು ದೀಪ ಹಿಡಿದು ನಿಂತಿದ್ದಳು. ಅವನು ಬಂದೂಕಿನ ಹಿಂಭಾಗದ ಕಬ್ಬಿಣದ ಗಟ್ಟಿಯೊಂದನ್ನು ಹೊರತೆಗೆದು, ಅದರ ತೂತಿಗೆ ಕಣ್ಣು ಹಚ್ಚಿ ನೋಡಿದ. ದೀಪ ಹತ್ತಿರ ತರಲು ಸನ್ನೆ ಮಾಡಿ ಇನ್ನೊಮ್ಮೆ ನೋಡಿದ. ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಆಮೇಲೆ, ಮಾವ ಕೈ ತೊಳೆದು ಒಳಗೆ ಬಂದಾಗ, "ಸ್ಪ್ರಿಂಗು ಹೋಗಿದೆ ಅಪ್ಪಾ. ತೋಟಾ ತುಂಬೋ ಕೊಳವೆಯೊಳಗಿನದು. ಬೇರೆ ಹುಡುಕಬೇಕು," ಎಂದ.

ಸ್ಪ್ರಿಂಗು ಇರುವುದು ಮುಂದಿನ ಕೊಳವೆಯಲ್ಲಿ. ಅವನು ನೋಡುತ್ತಿದ್ದದ್ದು ಹಿಂದಿನ ಗಟ್ಟಿಯನ್ನು. ಅವಳಿಗೆ ಆಗ ಅದು ವಿಚಿತ್ರವೆನಿಸಲಿಲ್ಲ. ಬಂದೂಕಿನ ವಿಚಾರ ಅವಳಿಗೇನು ಗೊತ್ತು. "ಏನು ಬರೀಲಿ?" ಎಂದು ಕೇಳಿದಳು. "ಸ್ಪ್ರಿಂಗು, ಬರಬೇಕು ಅಂತ ಬರಿ," ಎಂದ.

ಸ್ಪ್ರಿಂಗಿಲ್ಲದೆಯೂ ಒಂದೊಂದೇ ತೋಟಾ ಕೈಯಿಂದ ಹಾಕಿ ಹೊಡೆಯಬಹುದು ಎಂದು ಮಾವ ಒಮ್ಮೆ ಹೇಳಿದ್ದರು. ಅರ್ಧಂಬರ್ಧ ಕೆಲಸ ಬೇಡ ಅಪ್ಪಾ, ಎಲ್ಲ ಸರಿಯಾಗಲಿ ಎಂದು ಅವನು ಹಟ ಹಿಡಿದಿದ್ದ. ಸಂಜೆ ಹರಟೆಗೆ ಬರುತ್ತಿದ್ದ ಬೇಕರಿಯವನು ಗೇಲಿ ಮಾಡುತ್ತಿದ್ದ: "ತಕ್ಕಡಿ ರಿಪೇರಿಯವನಿಗೆ ಸ್ಪ್ರಿಂಗು ಸಿಗಲ್ಲ ಅನ್ನೋದೂ ಒಂದೇ, ನನ್ನ ಅಂಗಡೀಲಿ ಬನ್ನಿಲ್ಲ ಅನ್ನೋದೂ ಒಂದೇ. ಎಲ್ಲಿಗಯ್ಯಾ ಹೋಗ್ತೀಯ ನೀನು?" ಅವನು ನಕ್ಕು ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದ.

*

ವ್ಯಾನು ಹತ್ತು ಗಂಟೆಗೆ ಬಂತು. ಎಣ್ಣೆ ಕುಡಿದ ಅಗುಳಿ ಆ ಹೊತ್ತಿಗೆ ಸಡಿಲಾಗಿತ್ತು. ಎರಡೂ ಕದಗಳ ನಡುವೆ ಅವನನ್ನು ತಂದು ಮುಂದಿನ ಕೋಣೆಯಲ್ಲಿ ಮಲಗಿಸಿದರು. ಅತ್ತೆ ಮಗನ ತಲೆಯ ಹತ್ತಿರ ಕೂತು, ಅವನ ಅಂಗಿಯ ಕಾಲರಿನ ಬಿಟ್ಟ ಹೊಲಿಗೆಯೊಂದನ್ನು ಬೆರಳಿನಿಂದ ತಡವಿ ನೋಡಿದರು. ಅಳು ಬಂದವರು ಅತ್ತರು. ಅವಳಿಗೆ ಬರಲಿಲ್ಲ. ಅವನ ಮುಖದಲ್ಲಿ, ಲೆಕ್ಕ ತಾಳೆಯಾಗದಿದ್ದಾಗ ಇರುತ್ತಿದ್ದಂಥ ಸಣ್ಣ ಗಂಟು ಹುಬ್ಬಿನ ನಡುವೆ ಹಾಗೇ ಇತ್ತು. ಏನನ್ನೋ ಹೇಳಲು ಹೊರಟು ಬಿಟ್ಟವನ ಹಾಗೆ.

ಡ್ರೈವರು ಒಂದು ಪ್ಲಾಸ್ಟಿಕ್ ಕವರು ಕೊಟ್ಟು ಸಹಿ ಹಾಕಿಸಿಕೊಂಡ. ಅವಳು ಅದನ್ನು ಹಿಂದಿನ ಕೋಣೆಗೆ ಒಯ್ದು ಮೇಜಿನ ಮೇಲೆ ಸುರಿದಳು. ಕೈಗಡಿಯಾರ, ಬಾಚಣಿಗೆ, ಕನ್ನಡಕ, ಬಸ್ಸಿನ ಚೀಟಿ, ಬೆಂಕಿಪೊಟ್ಟಣ. ಅವನು ಬೀಡಿ ಸಿಗರೇಟು ಸೇದುವವನಲ್ಲ. ಪೊಟ್ಟಣ ತೆರೆದಳು. ಒಳಗೆ ಕಡ್ಡಿಗಳಿರಲಿಲ್ಲ. ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಮೊಳೆ, ಅವಳ ಕಿರುಬೆರಳಿನಷ್ಟು ಉದ್ದ. ಒಂದು ತುದಿ ದಪ್ಪ, ನಡುವೆ ಒಂದು ಕಚ್ಚು, ಇನ್ನೊಂದು ತುದಿ ಸಪುರವಾಗಿ ಇಳಿದು ಗುಂಡಗೆ ಮುಗಿದಿತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಸ್ಪ್ರಿಂಗಂತೂ ಅಲ್ಲ.

ಬಾಗಿಲಲ್ಲಿ ಚಿಕ್ಕಮಾವ ಬಂದು ನಿಂತಿದ್ದರು. ಕೆಟ್ಟವರಲ್ಲ, ಆದರೆ ಮನಸ್ಸಿಗೆ ಬಂದದ್ದನ್ನು ನಾಲಗೆಯಲ್ಲಿ ತಡೆದು ಗೊತ್ತಿಲ್ಲ. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ," ಎಂದು ದನಿ ಇಳಿಸಿದರು. "ಆ ಊರಲ್ಲಿ ಅವನಿಗೆ ಯಾರಾದ್ರೂ ಇದ್ರೇನಮ್ಮಾ? ಒಂದು ಸ್ಪ್ರಿಂಗಿಗೆ ಎರಡು ವರ್ಷ ಯಾರಾದ್ರೂ ಓಡಾಡ್ತಾರಾ? ಜನ ಆಡ್ಕೋತಾರೆ. ನಾಳೆ ಯಾರೋ ಬಂದು ಬಾಗಿಲಲ್ಲಿ ನಿಂತರೆ ಏನು ಹೇಳೋಣ ಅಂತ ಕೇಳಿದೆ ಅಷ್ಟೆ."

ಗೊತ್ತಿಲ್ಲ ಎಂದಳು. ಅದು ನಿಜವಾಗಿತ್ತು. ಎಂಟು ವರ್ಷ ಒಂದೇ ಸೂರಿನಡಿ ಬದುಕಿದ ಮನುಷ್ಯ ಇಷ್ಟೊಂದು ಭಾನುವಾರ ಎಲ್ಲಿಗೆ ಹೋಗುತ್ತಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸ್ಪ್ರಿಂಗು ಎಂದ. ಸ್ಪ್ರಿಂಗು ಮನೆಯಲ್ಲಿತ್ತು. ಮನೆಯಲ್ಲಿ ಇಲ್ಲದ್ದು ಯಾವುದು ಎಂದು ಅವಳಿಗೆ ಹೊಳೆಯಲಿಲ್ಲ. ಯೋಚನೆ ಒಂದು ಹೆಜ್ಜೆ ಹೋಗಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತಿತ್ತು. ಅವಳು ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವನ ಕನ್ನಡಕ ಒರೆಸಿ ಮಡಿಸಿಟ್ಟಳು.

*

ಚಿಕ್ಕಮಾವ ಹೆದರಿದ್ದ ಹಾಗೆಯೇ, ಹನ್ನೊಂದು ಗಂಟೆಗೆ, ಯಾರೂ ಅರಿಯದವರೊಬ್ಬರು ಬಂದು ಬಾಗಿಲಲ್ಲಿ ನಿಂತರು. ಎಂಬತ್ತರ ಹತ್ತಿರದ ಮುದುಕ. ಉಗುರುಗಳ ಸುತ್ತ ಎಂದೂ ಹೋಗದ ಗ್ರೀಸಿನ ಕಪ್ಪು. ಮಲಗಿದ್ದವನ ಕಾಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ, ಇವನ ಮನೆಯವರು ಯಾರು, ಒಂದು ಮಾತಿತ್ತು ಎಂದು ಕೇಳಿದರು. ಚಿಕ್ಕಮಾವ ಅವಳ ಕಡೆ ನೋಡಿದರು. ಅವಳು ಆ ಮುದುಕರನ್ನು ಹಿಂದಿನ ಕೋಣೆಗೆ ಕರೆದೊಯ್ದು ಕುರ್ಚಿ ಕೊಟ್ಟಳು.

ಅವರು ಕೂರಲಿಲ್ಲ. ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ನೋಡಿ, ಕೇಳದೆಯೇ ಒಂದು ಮೂಲೆ ಎತ್ತಿದರು.

"ಇದೇ ಅಲ್ವಾ," ಎಂದರು. "ಬಾಯಲ್ಲಿ ಕೇಳಿ ಕೇಳಿ ನೋಡಿದಷ್ಟೇ ಆಗಿತ್ತು." ಬಟ್ಟೆಯನ್ನು ಮೊದಲಿನ ಹಾಗೆ ಹೊದಿಸಿದರು. "ನಂದು ಲೇತಿನ ಕೆಲಸ ಕಣಮ್ಮಾ. ಬಸ್ ನಿಲ್ದಾಣದ ಹಿಂದೇನೇ ಅಂಗಡಿ. ಭಾನುವಾರ ಸಾಯಂಕಾಲ ನಾನೇ ಬಸ್ಸಿನ ತನಕ ಬಿಟ್ಟುಬಂದೆ. ಚೆನ್ನಾಗೇ ಇದ್ದ. ಹೋಗ್ತಾ, ಕೂತರೆ ಫೋನ್ ಮಾಡ್ತೀನಿ ಅಂದ."

"ಏನು ಕೂತರೆ?" ಎಂದು ಕೇಳಿದಳು ಅವಳು.

ಮುದುಕರು ಅವಳ ಮುಖವನ್ನು ನೋಡಿದರು. ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. ಅವರು ಮೊಳೆಯನ್ನು ಎತ್ತಿ ಎರಡು ಬೆರಳ ನಡುವೆ ಹೊರಳಿಸಿ, ಮತ್ತೆ ಅವಳ ಅಂಗೈಗೇ ಇಟ್ಟರು.

"ಎಂಟನೇದು ಇದು," ಎಂದರು. "ಮೊದಲಿನವು ಒಂದು ಗಿಡ್ಡ, ಒಂದು ಮೆತ್ತಗೆ, ಇನ್ನೊಂದು ತುದಿ ಚೂಪು ಜಾಸ್ತಿ. ಈ ಬಂದೂಕು ಮಾಡೋದು ನಿಂತು ಎಷ್ಟೋ ಕಾಲ ಆಯ್ತು. ಎಲ್ಲೂ ಸಿಗಲ್ಲ, ಅಳತೆಗೆ ಹಳೇದೂ ಇಲ್ಲ. ತೂತು ನೋಡಿ ಮೊಳೆ ಮಾಡಬೇಕು. ಅವನು ಅಳೆದು ತರೋನು, ನಾನು ಕಡೆಯೋನು, ಇಲ್ಲಿ ತಂದು ಹಾಕಿ ನೋಡೋನು, ಕೂರಲ್ಲ, ಮತ್ತೆ ಬರೋನು. ಆಮೇಲಾಮೇಲೆ ಕೆಲಸ ಇಲ್ಲದಿದ್ರೂ ಬರೋನು ಅನ್ಸುತ್ತೆ. ನನ್ನ ಲೇತಿನ ಪಕ್ಕ ಕೂತು ಚಹಾ ಕುಡಿಯೋನು."

ಆ ಮೊಳೆಗೆ ಏನು ಕೆಲಸ ಎಂದು ಅವಳು ಕೇಳಿದಳು. ಬಂದೂಕು ಅಂದರೆ ಅದೇ ಎಂದರು ಅವರು. ಕುದುರೆ ಎಳೆದಾಗ ಮುಂದಕ್ಕೆ ಚಿಮ್ಮಿ ತೋಟಾದ ಬೆನ್ನಿಗೆ ಕುಟ್ಟುವ ಪಿನ್ನು. ಅದಿಲ್ಲದಿದ್ದರೆ ಟಕ್ ಅಂತ ಸದ್ದು ಬರುತ್ತದೆ, ಅಷ್ಟೆ. ಮಿಕ್ಕಂತೆ ಅದೊಂದು ದೊಣ್ಣೆ.

"ಮತ್ತೆ ಸ್ಪ್ರಿಂಗು ಅಂತ ಯಾಕೆ ಹೇಳ್ತಿದ್ರು?"

"ಅದಾ." ಮುದುಕರು ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಅಂಗಳದ ಬೆಂಚು ಕಾಣುತ್ತಿತ್ತು, ಬೆಂಚಿನ ಮೇಲೆ ನೆಟ್ಟಗೆ ಕೂತ ಮಾವನ ಬೆನ್ನು ಕಾಣುತ್ತಿತ್ತು. "ಅವನೇ ಹೇಳಿದ್ದ. ಅಪ್ಪ ಇಪ್ಪತ್ತಾರು ವರ್ಷ ಇದನ್ನ ಹಿಡ್ಕೊಂಡು ಬ್ಯಾಂಕ್ ಕಾದಿದ್ದಾರೆ ಅಜ್ಜಾ, ಒಳಗೆ ಪಿನ್ನೇ ಇಲ್ಲ, ಯಾವಾಗ ಹೋಯ್ತೋ ಏನೋ. ಅದನ್ನ ಅವರ ಮುಂದೆ ಹೆಂಗೆ ಹೇಳ್ಲಿ ಅಂದ. ವರ್ಷ ವರ್ಷ ತಪಾಸಣೆಯೋರು ನಂಬರು ನೋಡಿ ಮುದ್ರೆ ಒತ್ತಿ ಕಳಿಸ್ತಿದ್ರಂತೆ, ಯಾರೂ ಬಿಚ್ಚಿ ನೋಡಿಲ್ಲ. ಇದನ್ನ ಕೂರಿಸಿಬಿಟ್ಟರೆ ಅವರಿಗೆ ಗೊತ್ತೇ ಆಗಲ್ಲ, ಒಂದು ಸಲ ಢಂ ಅಂದ್ರೆ ಮುಗೀತು ಅಂದ. ಅದಕ್ಕೇ ಸ್ಪ್ರಿಂಗು ಬಿಚ್ಚಿಟ್ಟು, ಅದು ಇಲ್ಲ ಅಂತ ಹೇಳಿದಾನಂತೆ. ಮನೇಲಿ ಯಾರಿಗೂ ಹೇಳಿಲ್ಲ, ನೀವೂ ಹೇಳ್ಬೇಡಿ ಅಂದಿದ್ದ."

ಅವರು ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ ತಿರುಗಿದರು.

"ಕೂರುತ್ತೆ ಇದು," ಎಂದರು. "ನೀವು ಯಾರಾದ್ರೂ ಹಾಕಿ ನೋಡಿ. ಎಂಟನೇದು ಕೂರುತ್ತೆ."

*

ಅವರು ಹೋದ ಮೇಲೂ ಅವಳು ಅಂಗೈ ಬಿಚ್ಚಿಕೊಂಡೇ ನಿಂತಿದ್ದಳು. ಎಲ್ಲಿಗೆ ಹೋಗುತ್ತಿದ್ದ ಎಂಬುದು ತಿಳಿಯಿತು. ಈಗ ಮಾವನಿಗೆ ಏನು ಹೇಳುವುದು? ಸಿಕ್ಕಿತು ಎನ್ನಬೇಕು, ಸುಮ್ಮನೆ ಹೋದದ್ದಲ್ಲ ಎನ್ನಬೇಕು. ಆದರೆ ಸಿಕ್ಕಿದ್ದನ್ನು ತೋರಿಸಿದರೆ, ಎರಡು ವರ್ಷ ಅವನು ಮುಚ್ಚಿಟ್ಟದ್ದೆಲ್ಲ ಒಂದು ಕ್ಷಣದಲ್ಲಿ ಬಯಲಾಗುತ್ತದೆ.

ಅತ್ತೆ ಒಳಗೆ ಬಂದದ್ದು ಅವಳಿಗೆ ಕೇಳಿಸಲಿಲ್ಲ. ಕಾಲರಿನ ಹೊಲಿಗೆ ಹಾಕಿಬಿಡುತ್ತೇನೆ, ಬಿಳಿ ನೂಲು ಎಲ್ಲಿದೆ ಎಂದು ಕೇಳುತ್ತಲೇ ಬಂದವರು ಮಾತು ನಿಲ್ಲಿಸಿದರು. ಅವರ ಕಣ್ಣು ಸೊಸೆಯ ಅಂಗೈ ಮೇಲಿತ್ತು.

"ನನ್ನ ಡಬ್ಬಿಗೆ ಯಾಕೆ ಕೈ ಹಾಕಿದೆ?"

ಅವಳಿಗೆ ಅರ್ಥವಾಗಲಿಲ್ಲ. "ಯಾವ ಡಬ್ಬಿ ಅತ್ತೆ?"

"ಗುಂಡಿ ಡಬ್ಬಿ. ಇಷ್ಟು ವರ್ಷದಲ್ಲಿ ಒಬ್ಬರೂ ಅದನ್ನ ಮುಟ್ಟಿಲ್ಲ. ಇವತ್ತೇ ಬೇಕಾಗಿತ್ತಾ ನಿಂಗೆ?" ದನಿ ಏರಿರಲಿಲ್ಲ. ಉತ್ತರಕ್ಕೆ ಕಾಯದೆ ಅವರು ಪಕ್ಕದ ಕೋಣೆಗೆ ನಡೆದರು. ಹೊಲಿಗೆ ಮಿಷನ್ನಿನ ಖಾನೆ ಎಳೆದ ಸದ್ದಾಯಿತು. ಅಂಗಿಯ ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಬಂದು, ಮೇಜಿನ ಮೇಲೆ ಕವುಚಿದರು. ಬಿಳಿ, ನೀಲಿ, ಕಂದು ಗುಂಡಿಗಳು ಉರುಳಿ ಹರಡಿದವು. ಅವುಗಳ ನಡುವೆ ಕಪ್ಪಗೆ ಒಂದು ಮೊಳೆ.

ಒಂದು ತುದಿ ದಪ್ಪ, ನಡುವೆ ಕಚ್ಚು, ಇನ್ನೊಂದು ತುದಿ ಸಪುರ.

ಇಬ್ಬರೂ ನೋಡುತ್ತ ನಿಂತರು. ಅತ್ತೆಗೆ, ತನ್ನದು ಇಲ್ಲೇ ಇದ್ದ ಮೇಲೆ ಸೊಸೆಯ ಕೈಯಲ್ಲಿರುವುದು ಯಾವುದು ಎಂದು ತಿಳಿಯಲಿಲ್ಲ. ಅವಳಿಗೆ, ಎಲ್ಲೂ ಸಿಗದ ಪಿನ್ನು ಗುಂಡಿಗಳ ಜೊತೆ ಏಕಿದೆ ಎಂದು ತಿಳಿಯಲಿಲ್ಲ.

ಅತ್ತೆಯೇ ಮೊದಲು ಮಾತಾಡಿದರು. ಮೇಜಿನ ಅಂಚು ಹಿಡಿದುಕೊಂಡು, ಬಂದೂಕನ್ನು ನೋಡದೆ ಹೇಳಿದರು.

"ಅವನು ಮೂರನೇ ಕ್ಲಾಸಿನಲ್ಲಿದ್ದ. ಬ್ಯಾಂಕಿನ ಮ್ಯಾನೇಜರು ಇವರನ್ನ ಎಲ್ಲರೆದುರು ಏನೋ ಅಂದಿದ್ದ. ಏನು ಅಂತ ಇವತ್ತಿಗೂ ಹೇಳಿಲ್ಲ. ನಾಲ್ಕು ದಿನ ಊಟ ಇಲ್ಲ, ಮಾತಿಲ್ಲ. ಐದನೇ ದಿನ ನಾನು ಶಾಲೆಗೆ ಬಟ್ಟೆ ಕೊಟ್ಟು ಬೇಗ ಬಂದೆ. ಮಂಚದ ಮೇಲೆ ಕೂತಿದ್ರು. ನಳಿಗೆ ಇಲ್ಲಿತ್ತು." ಅವರು ತಮ್ಮ ಗಲ್ಲದ ಕೆಳಗೆ ಬೆರಳಿಟ್ಟು ತೋರಿಸಿದರು. "ಒರೆಸ್ತಾ ಇದ್ದೆ ಅಂದ್ರು. ಇದ್ರೂ ಇರಬಹುದು. ನಾನು ಕೇಳಲಿಲ್ಲ. ಪ್ರತಿ ರಜಾ ದಿನ ಅದನ್ನ ಬಿಚ್ಚಿ ಜೋಡಿಸೋದು ನೋಡಿ ನೋಡಿ ನಂಗೂ ಬರ್ತಿತ್ತು. ಮಿಷನ್ನಿಗೆ ಸೂಜಿ ಬದಲಾಯಿಸಿದಷ್ಟೇ ಕೆಲಸ. ಅವರು ಸ್ನಾನಕ್ಕೆ ಹೋದಾಗ ತೆಗೆದೆ. ಆ ದಿನದಿಂದ ಅವರು ಅದನ್ನ ಬಿಚ್ಚಲೇ ಇಲ್ಲ, ಮೇಲೆ ಮೇಲೆ ಒರೆಸಿಡ್ತಿದ್ರು ಅಷ್ಟೆ."

"ಆಮೇಲೆ ಹಾಕಲಿಲ್ವಾ?"

"ಯಾವತ್ತು ಹಾಕಬೇಕು ಅಂತ ಗೊತ್ತಾಗಲಿಲ್ಲ ಕಣೇ." ಅತ್ತೆ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡತೊಡಗಿದ್ದರು. ಕೈ ತನ್ನ ಪಾಡಿಗೆ ಅದನ್ನು ಮಾಡುತ್ತಿತ್ತು. "ಇವತ್ತು ಖುಷಿಯಾಗಿದ್ದಾರೆ, ನಾಳೆ ಹಾಕೋಣ ಅನ್ಕೋತಿದ್ದೆ. ನಾಳೆ ಮುಖ ನೋಡಿದ್ರೆ ಬೇಡ ಅನ್ನಿಸ್ತಿತ್ತು. ಹತ್ತೊಂಬತ್ತು ವರ್ಷ ಹಾಗೇ ಬಾಗಿಲು ಕಾದರು. ಕಳ್ಳ ಬಂದಿದ್ರೆ? ಅದನ್ನ ಯೋಚನೆ ಮಾಡಿ ಎಷ್ಟು ದಿನ ನಿದ್ದೆ ಕೆಟ್ಟಿದ್ದೀನಿ. ಇವನು ರಿಪೇರಿ ಶುರು ಮಾಡಿದಾಗ ಜೀವ ಬಾಯಿಗೆ ಬಂತು. ಪಿನ್ನೆಲ್ಲಿ ಅಂತ ಅವನು ಒಂದು ಮಾತು ಕೇಳಿದ್ರೆ ಕೊಟ್ಟುಬಿಡ್ತಿದ್ದೆ. ಸ್ಪ್ರಿಂಗು ಇಲ್ಲ ಅಂದ. ಬರೀ ಸ್ಪ್ರಿಂಗು. ಸರಿ, ಇವನಿಗೂ ಗೊತ್ತಾಗಿಲ್ಲ ಅಂತ ಸುಮ್ಮನಾದೆ."

ಅವಳು ಪಕ್ಕದ ಕೋಣೆಯ ಕಡೆ ನೋಡಿದಳು. ಮಿಷನ್ನಿನ ಖಾನೆಗೂ ಈ ಮೇಜಿಗೂ ನಡುವೆ ಒಂದು ಗೋಡೆ. ಗೋಡೆಯ ಆ ಕಡೆ ಒಬ್ಬರು ಮಗ ಕೇಳಲೆಂದು ಕಾದಿದ್ದರು. ಈ ಕಡೆ ಒಬ್ಬ ಮನೆಯಲ್ಲಿ ಯಾರನ್ನೂ ಕೇಳಬಾರದೆಂದು ಬಸ್ಸು ಹತ್ತುತ್ತಿದ್ದ. ಇಬ್ಬರೂ ಕಾವಲು ಕಾಯುತ್ತಿದ್ದದ್ದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬನೇ ಮನುಷ್ಯನನ್ನು.

ಅತ್ತೆ ಕೈ ಚಾಚಿ ಅವಳ ಅಂಗೈಯಿಂದ ಹೊಸ ಪಿನ್ನನ್ನು ತೆಗೆದುಕೊಂಡರು. ನಲವತ್ತು ವರ್ಷ ಸೂಜಿ ಹಿಡಿದ ಬೆರಳು. ಹೊಸದನ್ನು ಹಳೆಯದರ ಪಕ್ಕ ಇಟ್ಟು, ಉದ್ದ ತಾಳೆ ನೋಡಿದರು. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ.

"ಇದು ಎಲ್ಲಿತ್ತು?"

ಮೇಜಿನ ಮೇಲೆ ಬೆಂಕಿಪೊಟ್ಟಣ ತೆರೆದೇ ಇತ್ತು. ಪಕ್ಕದಲ್ಲಿ ಕೈಗಡಿಯಾರ, ಬಸ್ಸಿನ ಚೀಟಿ. ಅವಳು ಪೊಟ್ಟಣದ ಮೇಲೆ ಕೈಯಿಟ್ಟಳು.

"ಅವರ ಪೆಟ್ಟಿಗೇಲಿತ್ತು ಅತ್ತೆ. ತಕ್ಕಡಿಗೆ ಅಂತ ಏನೋ ಮಾಡಿಸಿಟ್ಟಿದ್ರು."

"ಅವನು ಭಾನುವಾರ ಹೋಗಿದ್ದು..."

"ಸ್ಪ್ರಿಂಗಿಗೆ," ಎಂದಳು ಅವಳು.

ಅತ್ತೆ ಅವಳ ಕೈಯನ್ನು, ಕೈಯ ಕೆಳಗಿನ ಪೊಟ್ಟಣವನ್ನು, ಅವಳ ಮುಖವನ್ನು ಸಾವಕಾಶವಾಗಿ ನೋಡಿದರು. ಇನ್ನೊಂದು ಪ್ರಶ್ನೆ ಅವರ ಬಾಯಿಯವರೆಗೆ ಬಂದದ್ದು ಕಾಣಿಸಿತು. ಆ ದಿನ ಮಂಚದ ಎದುರು ಕೇಳದೆ ಇದ್ದವರು ಇವತ್ತೂ ಕೇಳಲಿಲ್ಲ. ಎರಡೂ ಪಿನ್ನುಗಳನ್ನು ಡಬ್ಬಿಗೆ ಹಾಕಿ, ಮೇಲೆ ಗುಂಡಿಗಳನ್ನು ಹಿಡಿ ಹಿಡಿಯಾಗಿ ತುಂಬಿ, ಮುಚ್ಚಳ ಒತ್ತಿದರು.

"ಇವೆರಡೂ ಇಲ್ಲೇ ಇರಲಿ," ಎಂದರು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, "ಬಿಳಿ ನೂಲು ಕೊಡು," ಎಂದರು.

*

ಎರಡು ಗಂಟೆಗೆ ಹೊರಡಬೇಕೆಂದು ಚಿಕ್ಕಮಾವ ಎಲ್ಲರಿಗೂ ಹೇಳಿದರು. ಬೇಕರಿಯವನು ಹೊರಗೆ ನಿಂತಿದ್ದವರ ಚಪ್ಪಲಿಗಳನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದ. ಗೆಳೆಯನಿಗಾಗಿ ಇನ್ನೇನು ಮಾಡಬೇಕೋ ಅವನಿಗೂ ತಿಳಿಯದೆ, ಸರಿಸಿದ್ದನ್ನೇ ಜೋಡಿ ಜೋಡಿ ಮಾಡಿ ಮತ್ತೊಮ್ಮೆ ಸರಿಸಿದ. ಕಾಲರಿನ ಹೊಲಿಗೆ ಮುಗಿದಿತ್ತು. ಅವಳು ಅಂಗಿಯ ತೋಳಿನಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಬೆಂಚಿನ ಹತ್ತಿರ ಹೋದಳು.

"ಸಿಕ್ಕಿತ್ತು ಮಾವ," ಎಂದಳು. "ಸಾಮಾನಿನ ಜೊತೆ ಬಂದಿದೆ."

ಮಾವ ಬಟ್ಟೆಯನ್ನು ಬಿಚ್ಚಿದರು. ಬಟ್ಟೆ ಯಾರ ಅಂಗಿಯದೆಂದು ಅವರು ನೋಡಲಿಲ್ಲ. ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರು, ಬಿಟ್ಟರು. ಅದು ಅವರ ಅಂಗೈಯನ್ನು ಹಿಂದಕ್ಕೆ ನೂಕಿತು. ಇನ್ನೊಮ್ಮೆ ಒತ್ತಿದರು.

"ಗಟ್ಟಿ ಇದೆ," ಎಂದರು. "ಒಳ್ಳೇದನ್ನೇ ಹುಡುಕಿದಾನೆ." ಎದ್ದು, ಯಾರ ಕೈಯನ್ನೂ ಹಿಡಿಯದೆ, ಮಗ ಮಲಗಿದ್ದ ಕೋಣೆಯ ಗೋಡೆಗುಂಟ ಹಿಂದಿನ ಕೋಣೆಗೆ ಹೋದರು.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಕಣ್ಣು ಮಂಜಾಗಿದ್ದರೂ ಕೈಗೆ ದಾರಿ ಗೊತ್ತಿತ್ತು. ಕೊಳವೆಯ ಮುಚ್ಚಳ ತಿರುಗಿತು, ಸ್ಪ್ರಿಂಗು ಸುತ್ತು ಸುತ್ತಾಗಿ ಒಳಗಿಳಿಯಿತು, ಮುಚ್ಚಳ ಬಿಗಿಯಾಯಿತು. ಮಾವ ಹಿಡಿಯನ್ನು ಒಮ್ಮೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರು. ಖಟಕ್, ಖಟ್. ಮುಂದಿನ ಕೋಣೆಯಲ್ಲಿ ಮಾತು ನಿಂತಿತು. ಅವರು ತಟ್ಟೆಯ ಖಾಲಿ ಗೂಡಿನತ್ತ ಬಗ್ಗಿ, "ಸ್ಪ್ರಿಂಗು, ಬರಬೇಕು" ಎಂಬ ಚೀಟಿಯನ್ನು ಉಗುರಿನಿಂದ ಕಿತ್ತು ಜೇಬಿಗೆ ಹಾಕಿಕೊಂಡರು.

"ಕ್ವಾರಿಗೆ ಹೋಗಲ್ಲ," ಎಂದರು, ಅವಳ ಕಡೆ ತಿರುಗದೆ. "ನಾಳೆ ಠಾಣೆಗೆ ಕೊಟ್ಟುಬಿಡ್ತೀನಿ. ಇವತ್ತೊಂದು ದಿನ ಇರಲಿ."

ನಾಲ್ಕು ಜನ ಅವನನ್ನು ಎತ್ತಿದಾಗ ಮಾವ ಅವರಿಗಿಂತ ಮೊದಲೇ ಹೊಸ್ತಿಲು ದಾಟಿ ಹೊರಗೆ ನಿಂತಿದ್ದರು. ಹೊಸದಾಗಿ ತೆರೆದ ಎಡಗಡೆಯ ಕದದ ಪಕ್ಕ, ಹಿಮ್ಮಡಿ ಕೂಡಿಸಿ, ಬಂದೂಕನ್ನು ಎದೆಗೆ ಓರೆಯಾಗಿ ಹಿಡಿದು. ಇಪ್ಪತ್ತಾರು ವರ್ಷ ಗಾಜಿನ ಬಾಗಿಲೊಂದರ ಪಕ್ಕ ನಿಂತ ಹಾಗೆ, ಎದುರಿನ ರಸ್ತೆಯನ್ನೇ ನೋಡುತ್ತ. ಹೊತ್ತವರು ಒಂದು ಕ್ಷಣ ತಡೆದರು. ಚಿಕ್ಕಮಾವ ಏನೋ ಹೇಳಲು ಬಾಯಿ ತೆರೆದು, ಮೊದಲ ಬಾರಿಗೆ ಹೇಳದೆ ಮುಚ್ಚಿದರು. ಮಗ ಅಪ್ಪನ ಮುಂದೆ ಹಾದುಹೋದ.

ಹೊಸ್ತಿಲ ಒಳಗೆ ಅತ್ತೆ ನಿಂತಿದ್ದರು. ಹೊಲಿಗೆ ಹಾಕುವಾಗ ಮಡಿಲಲ್ಲಿದ್ದ ಗುಂಡಿ ಡಬ್ಬಿ ಈಗ ಅವರ ಕೈಯಲ್ಲಿತ್ತು, ಕೆಳಗಿಡಲು ಮರೆತಿದ್ದರು. ಅವಳು ಅವರ ಹತ್ತಿರ ಹೋಗಿ ಭುಜಕ್ಕೆ ಭುಜ ತಾಗಿಸಿ ನಿಂತಳು. ವ್ಯಾನಿನ ಬಾಗಿಲು ಮುಚ್ಚಿತು. ಮಾವ ಅಲುಗಲಿಲ್ಲ. ಅತ್ತೆ ಡಬ್ಬಿಯನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದರು, ಡಬ್ಬಿಯೊಳಗೆ ಗುಂಡಿಗಳ ನಡುವೆ ಎರಡು ಕಬ್ಬಿಣದ ಚೂರುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವಳು ಮುಚ್ಚಳದ ಮೇಲೆ ತನ್ನ ಕೈಯನ್ನೂ ಇಟ್ಟಳು.